ಮಗಳ ಮುಟ್ಟು ತಪ್ಪುತ್ತಿದ್ದರೆ

ಹದಿನೈದು-ಹದಿನಾರರ ಹುಡುಗಿಗೆ ಎರಡು ತಿಂಗಳು ಮುಟ್ಟು ತಪ್ಪಿದರೆ ಕಂಪ್ಲಿ ಕಡೆಯ ಮನೆಗಳಲ್ಲಿ ಮೊದಲು ಹೊಳೆಯುವುದು ಸ್ಕ್ಯಾನಿಂಗ್. ಹೊಸಪೇಟೆಗೋ ಗಂಗಾವತಿಗೋ ಹೋಗಿ ಮಾಡಿಸಿಕೊಂಡು ಬರುತ್ತಾರೆ. ವರದಿಯಲ್ಲಿ 'ಪಾಲಿಸಿಸ್ಟಿಕ್ ಓವರಿ' ಎಂದು ಬರೆದಿರುತ್ತದೆ. ಅಲ್ಲಿಂದ ಮನೆಯ ಮಾತಿನ ಧಾಟಿಯೇ ಬದಲಾಗುತ್ತದೆ. "ಗರ್ಭಕೋಶದಾಗ ನೀರಿನ ಗುಳ್ಳಿ ಅದಾವಂತ್ರೀ ಮೇಡಂ, ಮುಂದ ಮಕ್ಕಳಾಗ್ತಾವೋ ಇಲ್ಲೋ" ಎಂದು ತಾಯಿ ಕಣ್ಣೊರೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತ ಮಗಳು ನೆಲ ನೋಡುತ್ತಿರುತ್ತಾಳೆ.

ಅಂಥ ತಾಯಂದಿರಿಗೆ ವೈದ್ಯೆಯಾಗಿ ನಾನು ಮೊದಲು ಹೇಳುವುದು ಇಷ್ಟು: ಈ ವಯಸ್ಸಿನಲ್ಲಿ ಸ್ಕ್ಯಾನಿಂಗ್ ನೋಡಿ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಜನ ಪಿಸಿಒಡಿ ಎಂದೂ ಕರೆಯುವ ಕಾಯಿಲೆ) ಎಂದು ತೀರ್ಮಾನಿಸಲು ಬರುವುದಿಲ್ಲ. 2018ರಲ್ಲಿ ಹೊರಬಂದು 2023ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಮೊದಲ ಸಲ ಮುಟ್ಟಾಗಿ 8 ವರ್ಷ ತುಂಬುವವರೆಗೆ ಪಿಸಿಒಎಸ್ ಪತ್ತೆಗಾಗಿ ಅಂಡಾಶಯದ ಸ್ಕ್ಯಾನಿಂಗ್ ಬೇಡ. ಎಎಂಎಚ್ ಎಂಬ ದುಬಾರಿ ರಕ್ತಪರೀಕ್ಷೆಯೂ ಬೇಡ. ಕಾರಣ ಸರಳ. ಹದಿಹರೆಯದ ಅಂಡಾಶಯದಲ್ಲಿ ಬೆಳೆಯುತ್ತಿರುವ ಸಣ್ಣ ಸಣ್ಣ ಅಂಡಕೋಶಗಳು ಹೇರಳವಾಗಿರುತ್ತವೆ. ಅವು ಆ ವಯಸ್ಸಿನ ಲಕ್ಷಣ. ಸ್ಕ್ಯಾನಿಂಗ್ ಪರದೆಯ ಮೇಲೆ ಕಪ್ಪು ಚುಕ್ಕೆಗಳಂತೆ ಕಾಣುವುದು ಅವೇ. ಅವು ಗಡ್ಡೆಗಳಲ್ಲ, ಕೊಯ್ದು ತೆಗೆಯಬೇಕಾದ ಗುಳ್ಳೆಗಳೂ ಅಲ್ಲ, ಕ್ಯಾನ್ಸರಿಗೆ ತಿರುಗುವಂಥವಂತೂ ಅಲ್ಲವೇ ಅಲ್ಲ. ಹೊಟ್ಟೆನೋವು, ಕೈಗೆ ಸಿಗುವ ಗಂಟು, ಅಥವಾ ಮುಟ್ಟು ಶುರುವೇ ಆಗದಿರುವುದು, ಇಂಥ ಬೇರೆ ಕಾರಣಕ್ಕೆ ವೈದ್ಯರು ಸ್ಕ್ಯಾನಿಂಗ್ ಬರೆದರೆ ಆ ಮಾತು ಬೇರೆ.

ಹಾಗಾದರೆ ಯಾವುದನ್ನು ನೋಡಬೇಕು? ದಿನಾಂಕಗಳನ್ನು. ಮುಟ್ಟಾದ ಮೊದಲ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಸುತ್ತುಹಾಕಿ ಗುರುತಿಸಿಡಿ. ಅದನ್ನು ಮಗಳೇ ಬರೆಯಲಿ. ಮೊದಲ ಮುಟ್ಟಾದ ಒಂದು ವರ್ಷ ಹಿಂದುಮುಂದಾಗುವುದು ಸಹಜ. ಒಂದರಿಂದ ಮೂರು ವರ್ಷದೊಳಗೆ 21ರಿಂದ 45 ದಿನಕ್ಕೊಮ್ಮೆ ಬಂದರೂ ಸರಿಯೇ. ಮೂರು ವರ್ಷ ಕಳೆದ ಮೇಲೆ 21ರಿಂದ 35 ದಿನದೊಳಗೆ ಬರಬೇಕು, ವರ್ಷಕ್ಕೆ ಎಂಟು ಸಲವಾದರೂ ಆಗಬೇಕು. ಮೊದಲ ವರ್ಷ ದಾಟಿದ ಮೇಲೆ ಒಂದೇ ಒಂದು ಸಲ 90 ದಿನಕ್ಕಿಂತ ಹೆಚ್ಚು ಅಂತರ ಬಿದ್ದರೂ ವೈದ್ಯರ ಹತ್ತಿರ ಹೋಗಲೇಬೇಕು. ಹದಿನೈದು ತುಂಬಿದರೂ ದೊಡ್ಡವಳಾಗದಿದ್ದರೆ, ಅಥವಾ ಎದೆ ಮೂಡಲು ಶುರುವಾಗಿ ಮೂರು ವರ್ಷ ಕಳೆದರೂ ಮುಟ್ಟಾಗದಿದ್ದರೆ ತೋರಿಸಬೇಕು. ಎಂಟನೇ ತರಗತಿಯಲ್ಲಿ ದೊಡ್ಡವಳಾಗಿ ಒಂಬತ್ತರಲ್ಲಿ ನಲವತ್ತು ದಿನಕ್ಕೊಮ್ಮೆ ಮುಟ್ಟಾಗುವ ಹುಡುಗಿಗೆ ಕಾಯಿಲೆಯಿಲ್ಲ. ಆಕೆಗೆ ಬೇಕಾದದ್ದು ಸಮಯ.

ದಿನಾಂಕದ ಜೊತೆಗೆ ನೋಡಬೇಕಾದದ್ದು ಗಂಡು ಹಾರ್ಮೋನು ಹೆಚ್ಚಾದ ಗುರುತುಗಳು. ಆಂಡ್ರೋಜನ್ ಎಂಬ ಈ ಹಾರ್ಮೋನು ಎಲ್ಲ ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತದೆ. ಅಳತೆ ಮೀರಿದಾಗ ಮೇಲ್ದುಟಿ, ಗದ್ದ, ಎದೆ, ಹೊಕ್ಕುಳ ಕೆಳಗೆ ದಪ್ಪ ಕೂದಲು ಬೆಳೆಯುತ್ತದೆ. ಮೊಡವೆ ಸಾಮಾನ್ಯ ಮದ್ದಿಗೆ ಬಗ್ಗುವುದಿಲ್ಲ. ಹದಿಹರೆಯದಲ್ಲಿ ಪಿಸಿಒಎಸ್ ಎನ್ನಬೇಕಾದರೆ ಮುಟ್ಟಿನ ಏರುಪೇರು ಮತ್ತು ಆಂಡ್ರೋಜನ್ ಹೆಚ್ಚಳ ಎರಡೂ ಇರಬೇಕು, ಇದೇ ತೊಂದರೆ ಕೊಡುವ ಬೇರೆ ಕಾಯಿಲೆಗಳು ಇಲ್ಲವೆಂದೂ ಖಾತ್ರಿಯಾಗಬೇಕು. ಎರಡರಲ್ಲಿ ಒಂದೇ ಇದ್ದರೆ 'ಮುಂದೆ ಬರುವ ಸಾಧ್ಯತೆಯಿದೆ' ಎಂದಷ್ಟೇ ಬರೆದು, ಈಗಿರುವ ತೊಂದರೆಗೆ ಚಿಕಿತ್ಸೆ ಕೊಟ್ಟು, ಕೆಲವು ವರ್ಷ ಬಿಟ್ಟು ಮತ್ತೆ ನೋಡುತ್ತೇವೆ. ಈ ಕಾಯುವಿಕೆ ಎಷ್ಟೋ ಅಪ್ಪ-ಅಮ್ಮಂದಿರಿಗೆ ಒಗ್ಗುವುದಿಲ್ಲ. "ಐತೋ ಇಲ್ಲೋ ಒಂದ್ ಹೇಳ್ರಿ" ಎನ್ನುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹದಿನಾಲ್ಕರ ಹುಡುಗಿಗೆ ಅವಸರದಲ್ಲಿ ಅಂಟಿಸಿದ ರೋಗದ ಹೆಸರು ಅವಳ ಜೊತೆಗೇ ಬೆಳೆಯುತ್ತದೆ. ಹದಿನೆಂಟಕ್ಕೆ ಮುಟ್ಟು ತಾನಾಗಿ ಸರಿಹೋದರೂ 'ನನ್ನಲ್ಲೇನೋ ಕೊರತೆ' ಎಂಬ ಭಾವನೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ರೋಗ ಅಳೆಯುವ ಅಳತೆಗೋಲು ಬದಲಾದರೆ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಪಡೆ 18ರಿಂದ 40 ವರ್ಷದ ಹೆಂಗಸರನ್ನು ದೇಶದ ಹಲವೆಡೆ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. 1990ರ ಅಮೆರಿಕದ ಮಾನದಂಡ ಹಿಡಿದರೆ ಪಿಸಿಒಎಸ್ ಇರುವವರು ಶೇಕಡ 7.2. ಸ್ಕ್ಯಾನಿಂಗನ್ನೂ ಸೇರಿಸಿಕೊಳ್ಳುವ 2003ರ ರಾಟರ್‌ಡ್ಯಾಮ್ ಮಾನದಂಡ ಹಿಡಿದರೆ ಅದೇ ಹೆಂಗಸರಲ್ಲಿ ಶೇಕಡ 19.6. ಹದಿಹರೆಯದವರ ಬಗ್ಗೆ ನಮ್ಮ ನೆರೆಯಲ್ಲೇ ಒಂದು ಅಧ್ಯಯನ ನಡೆದಿದೆ. ಬಳ್ಳಾರಿ ಗಡಿ ದಾಟಿದರೆ ಸಿಗುವ ಅನಂತಪುರದಲ್ಲಿ, ವಸತಿ ಕಾಲೇಜಿನ 15ರಿಂದ 18 ವರ್ಷದ 460 ಹುಡುಗಿಯರನ್ನು ಪರೀಕ್ಷಿಸಿದಾಗ ಸುಮಾರು ಶೇಕಡ 9ರಷ್ಟು ಹುಡುಗಿಯರಲ್ಲಿ ಪಿಸಿಒಎಸ್ ಕಂಡಿತು. ನೂರು ಹುಡುಗಿಯರಿರುವ ಹೈಸ್ಕೂಲಿನಲ್ಲಿ ಸುಮಾರು ಒಂಬತ್ತು ಮಂದಿ ಎಂದಾಯಿತು. ನಿಮ್ಮ ಮಗಳು ಒಂಟಿಯಲ್ಲ.

ಈಗ ಮೈಯೊಳಗೆ ಆಗುವುದೇನು ಎಂದು ನೋಡೋಣ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಹೆಂಗಸರ ವಿವರ ಬರೆದಾಗ ಇದನ್ನು ಅಂಡಾಶಯದ ಕಾಯಿಲೆ ಎಂದೇ ತಿಳಿದಿದ್ದರು. ಹಲವು ದಶಕಗಳ ನಂತರ ಇನ್ಸುಲಿನ್‌ನ ಪಾತ್ರ ಬೆಳಕಿಗೆ ಬಂತು. ತಿಂದ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ಸ್ನಾಯುಗಳೊಳಗೆ ಸೇರಿಸುವುದು ಇನ್ಸುಲಿನ್‌ನ ಕೆಲಸ. ಕೆಲವರ ಸ್ನಾಯುಗಳು ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟುತ್ತಿಲ್ಲವೆಂದು ಮೇಲಿನಿಂದ ಇನ್ನಷ್ಟು ನೀರು ಬಿಟ್ಟರೆ ಏನಾಗುತ್ತದೆ ಎಂಬುದು ಕಂಪ್ಲಿ ರೈತರಿಗೆ ಗೊತ್ತು. ಕೊನೆಯ ಗದ್ದೆಗೆ ಹೇಗೋ ತಲುಪುತ್ತದೆ, ನಡುವಿನ ಗದ್ದೆ ಜೌಗಾಗುತ್ತದೆ. ಮೈಯಲ್ಲೂ ಹೀಗೆಯೇ. ಸ್ನಾಯು ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಹೆಚ್ಚಿಸುತ್ತದೆ. ಸಕ್ಕರೆ ಹತೋಟಿಯಲ್ಲಿರುತ್ತದೆ, ಆದರೆ ಅಂಡಾಶಯಕ್ಕೆ ಬೇಡದಷ್ಟು ಇನ್ಸುಲಿನ್ ತಗಲುತ್ತದೆ. ಆಗ ಅದು ಆಂಡ್ರೋಜನ್ ಹೆಚ್ಚು ಮಾಡುತ್ತದೆ. ಆಂಡ್ರೋಜನ್ ಅನ್ನು ರಕ್ತದಲ್ಲಿ ಕಟ್ಟಿಹಾಕುವ ಪ್ರೋಟೀನನ್ನು ಪಿತ್ತಜನಕಾಂಗ ಕಡಿಮೆ ಮಾಡುತ್ತದೆ. ಅಂಡ ಪೂರ್ತಿ ಬಲಿಯದೆ ಅರ್ಧದಲ್ಲೇ ನಿಲ್ಲುತ್ತದೆ, ಹೊರಬೀಳುವುದಿಲ್ಲ. ಅಂಡ ಹೊರಬೀಳದಿದ್ದರೆ ಮುಟ್ಟು ತಡವಾಗುತ್ತದೆ. ಇದರಲ್ಲಿ ವಂಶದ ಪಾಲೂ ದೊಡ್ಡದು. ಅಜ್ಜಿಗೆ ಸಕ್ಕರೆ ಕಾಯಿಲೆ, ಅಪ್ಪನಿಗೆ ನಲವತ್ತಕ್ಕೇ ಸಕ್ಕರೆ ಎಂದರೆ ನಾವು ಕಿವಿ ಚುರುಕು ಮಾಡಿಕೊಳ್ಳುತ್ತೇವೆ.

ಕತ್ತಿನ ಹಿಂದೆ ಕಪ್ಪು ಪಟ್ಟಿ ಕಂಡರೆ ಅದು ಕೊಳೆಯಲ್ಲ. ಮಖಮಲ್ಲಿನಂತೆ ದಪ್ಪಗಾದ ಆ ಕಪ್ಪು ಚರ್ಮ ಇನ್ಸುಲಿನ್ ಹೆಚ್ಚಾದುದರ ಗುರುತು. ಕಲ್ಲಿನಿಂದ ಉಜ್ಜಿ, ನಿಂಬೆಹಣ್ಣು ತಿಕ್ಕಿ ಮಗುವಿನ ಕತ್ತನ್ನು ಹುಣ್ಣು ಮಾಡಿದ ತಾಯಂದಿರನ್ನು ನೋಡಿದ್ದೇನೆ. ದಯವಿಟ್ಟು ಉಜ್ಜಬೇಡಿ. ಇನ್ಸುಲಿನ್ ಇಳಿದರೆ ಅದು ತಾನಾಗಿ ತಿಳಿಯಾಗುತ್ತದೆ.

ಇನ್ನೊಂದು ಮಾತು. ದಪ್ಪಗಿರುವವರಿಗೆ ಮಾತ್ರ ಇದು ಬರುತ್ತದೆ ಎಂಬುದು ಸುಳ್ಳು. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ತೆಳ್ಳಗಿನ ಹುಡುಗಿಯ ಮುಟ್ಟೂ ತಪ್ಪಬಹುದು. ಅಂಥವಳಿಗೆ "ತೂಕ ಇಳಿಸು" ಎನ್ನುವುದು ತಪ್ಪು ಸಲಹೆ. ಊಟ ಬಿಟ್ಟು ಸೊರಗಿದರೆ ಆ ಕಾರಣಕ್ಕೂ ಮುಟ್ಟು ನಿಲ್ಲುತ್ತದೆ. ಪರೀಕ್ಷೆಯ ಭಯ, ಥೈರಾಯ್ಡ್ ಕೊರತೆ, ಪ್ರೊಲ್ಯಾಕ್ಟಿನ್ ಹೆಚ್ಚಳ, ಅಡ್ರಿನಲ್ ಗ್ರಂಥಿಯ ಹುಟ್ಟಿನಿಂದ ಬಂದ ತೊಂದರೆ, ಇವೆಲ್ಲ ಪಿಸಿಒಎಸ್‌ನಂತೆ ಕಾಣಬಹುದು. ಅದಕ್ಕೇ ವೈದ್ಯರು ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟಿರೋನ್, 17-ಒಎಚ್‌ಪಿ ಎಂದು ರಕ್ತಪರೀಕ್ಷೆ ಬರೆಯುವುದು. ಸ್ಕ್ಯಾನಿಂಗಿಗೆ ಹಾಕುವ ದುಡ್ಡನ್ನು ಇವಕ್ಕೆ ಹಾಕಿ. ವೈದ್ಯರು ಮಗಳೊಬ್ಬಳ ಜೊತೆಗೇ ಐದು ನಿಮಿಷ ಮಾತಾಡಬೇಕೆಂದರೆ ಎದ್ದು ಹೊರಗೆ ಬನ್ನಿ. ತಾಯಿಯ ಮುಂದೆ ಹೇಳಲಾಗದ ಎಷ್ಟೋ ಸಂಗತಿಗಳು ಆ ಐದು ನಿಮಿಷದಲ್ಲಿ ಹೊರಬರುತ್ತವೆ.

ಕಾಯದೆ ಕೂಡಲೇ ಹೋಗಬೇಕಾದ ಸಂದರ್ಭಗಳೂ ಇವೆ. ಕೆಲವೇ ತಿಂಗಳಲ್ಲಿ ಮೈಮೇಲೆ ಕೂದಲು ಭರಭರನೆ ಬೆಳೆದು ದನಿ ಗಡುಸಾದರೆ ಅದು ಪಿಸಿಒಎಸ್‌ನ ಚಹರೆಯಲ್ಲ, ಗಡ್ಡೆ ಇರಬಹುದು. ತಿಂಗಳುಗಟ್ಟಲೆ ಬರದ ಮುಟ್ಟು ಒಮ್ಮೆಲೇ ಬಂದು ಗಂಟೆಗೊಂದು ಪ್ಯಾಡ್ ತೋಯ್ದರೆ, ತಲೆ ಸುತ್ತಿದರೆ, ಆ ದಿನವೇ ಆಸ್ಪತ್ರೆಗೆ ಕರೆತನ್ನಿ.

ಇನ್ನು ಮನೆಯಲ್ಲೇ ಮಾಡಬಹುದಾದದ್ದು. ಊಟದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಸೀಮೆಯ ತೊಂದರೆ ತಟ್ಟೆಯಲ್ಲೇ ಕಾಣುತ್ತದೆ.

ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುವ ನೆಲ ಇದು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಹೊಲಗಳೂ ಎಷ್ಟೋ ಕಡೆ ಭತ್ತದ ಗದ್ದೆಗಳಾದವು. ಊರು ಅನ್ನ ಕಂಡಿತು, ಬದುಕು ಹಸನಾಯಿತು. ಆದರೆ ಈಗ ಒಂದು ದಿನದ ಊಟವನ್ನು ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ, ಎರಡು ಚಮಚ ಸಕ್ಕರೆಯ ಚಹಾ. ಮಧ್ಯಾಹ್ನ ಅನ್ನ-ಸಾರು. ಸಂಜೆ ಮತ್ತೆ ಮಂಡಕ್ಕಿ, ಇಲ್ಲವೆ ಬೇಕರಿಯ ಬನ್ನು. ರಾತ್ರಿ ಅನ್ನ. ನಾಲ್ಕು ಹೊತ್ತೂ ತೌಡು ಹೋದ ಅಕ್ಕಿ ಅಥವಾ ಮೈದಾ. ಐಸಿಎಂಆರ್-ಇಂಡಿಯಾಬ್ ಅಧ್ಯಯನ ಭಾರತೀಯರ ಊಟದಲ್ಲಿ ಶೇಕಡ 62ರಷ್ಟು ಶಕ್ತಿ ಬರೀ ಶರ್ಕರಪಿಷ್ಟದಿಂದ ಬರುತ್ತಿದೆ ಎಂದಿದೆ. ನಮ್ಮ ತಟ್ಟೆ ಅದಕ್ಕೆ ಸಾಕ್ಷಿ.

ಭತ್ತ ಬೆಳೆಯುವ ಮನೆಗೆ ಅನ್ನ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನಡೆಯದು. ದಿನಕ್ಕೆ ಒಂದು ಹೊತ್ತು ಅನ್ನ ಇರಲಿ, ಒಂದು ಹೊತ್ತು ಜೋಳದ ಇಲ್ಲವೆ ಸಜ್ಜೆಯ ರೊಟ್ಟಿ ಬರಲಿ. ಅನ್ನದ ಹೊತ್ತಿನಲ್ಲೂ ಅನ್ನಕ್ಕಿಂತ ಪಲ್ಯ ಮತ್ತು ಕಾಳು ಹೆಚ್ಚಿರಲಿ. ಪುಂಡಿಪಲ್ಯ, ಮೆಂತ್ಯ, ರಾಜಗಿರಿ, ಹಸಿ ಮೂಲಂಗಿ, ಸೌತೆಕಾಯಿ ನಮ್ಮ ಸಂತೆಯಲ್ಲಿ ಸಿಗುವಂಥವೇ. ಮೊಳಕೆ ಬಂದ ಹೆಸರುಕಾಳು, ಮಡಿಕೆಕಾಳು, ಹುರುಳಿ, ಕಡಲೆ ದಿನಕ್ಕೊಂದು ಬಟ್ಟಲು ಇರಲಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಹಳೆಯ ಕಾಲದಿಂದ ಬಂದ ಒಳ್ಳೆಯ ರೂಢಿ. ಮೊಸರು, ಮಜ್ಜಿಗೆ ಇರಲಿ. ತಿನ್ನುವ ಮನೆಯಾದರೆ ಮೊಟ್ಟೆ, ಹೊಳೆಮೀನು ಇರಲಿ. ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಮೊಟ್ಟೆ ಕೊಡುತ್ತಾರೆ, ಮಗಳು ನಾಚಿಕೊಂಡು ಬಿಡದಂತೆ ನೋಡಿಕೊಳ್ಳಿ. ತಟ್ಟೆಯಲ್ಲಿ ಮೊದಲು ಪಲ್ಯ-ಕಾಳು ತಿಂದು ಆಮೇಲೆ ಅನ್ನ ತಿಂದರೆ ಸಕ್ಕರೆ ಏರುವ ವೇಗವೇ ತಗ್ಗುತ್ತದೆ.

ಸಿರಿಧಾನ್ಯ ತಿಂದರೆ ಪಿಸಿಒಎಸ್ ಹೋಗುತ್ತದೆ ಎಂಬ ಮಾತೂ ಕೇಳಿಬರುತ್ತದೆ. ನವಣೆ ಅನ್ನವನ್ನೂ ಅಕ್ಕಿ ಅನ್ನದಷ್ಟೇ ರಾಶಿ ಹಾಕಿಕೊಂಡು ತಿಂದರೆ ಲಾಭ ಅಲ್ಪ. ಮಾರ್ಗಸೂಚಿಯೂ ಯಾವ ಒಂದು ಬಗೆಯ ಪಥ್ಯವನ್ನೂ ಮಿಕ್ಕವುಗಳಿಗಿಂತ ಮೇಲೆಂದು ಹೇಳಿಲ್ಲ. ಮನೆಯಲ್ಲಿ ವರ್ಷಗಟ್ಟಲೆ ನಡೆಯುವ ಊಟವೇ ಒಳ್ಳೆಯ ಊಟ. ಬೆಲ್ಲದ ವಿಷಯದಲ್ಲೂ ಮೋಸಹೋಗಬೇಡಿ. ಇನ್ಸುಲಿನ್‌ಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ಒಂದು ಲೋಟ ಕಬ್ಬಿನ ಹಾಲು, ಒಂದು ಬಾಟಲಿ ತಂಪು ಪಾನೀಯ, ಇವನ್ನು ಹಬ್ಬ-ಜಾತ್ರೆಗೆ ಇಟ್ಟುಕೊಳ್ಳಿ. ಹಣ್ಣನ್ನು ಹಿಂಡದೆ ಹಾಗೇ ತಿನ್ನಲಿ. ಪೇರಲ ಧಾರಾಳವಾಗಿ, ಬಾಳೆಹಣ್ಣು ದಿನಕ್ಕೊಂದು.

ಇಲ್ಲಿ ನಮ್ಮ ಒಂದು ಸಂಪ್ರದಾಯದ ಬಗ್ಗೆ ಪ್ರೀತಿಯಿಂದಲೇ ಹೇಳಬೇಕಾಗಿದೆ. ಹುಡುಗಿ ದೊಡ್ಡವಳಾದಾಗ ಸೋದರಮಾವನ ಮನೆಯಿಂದ ಕೊಬ್ಬರಿ, ಉತ್ತತ್ತಿ, ತುಪ್ಪ, ಅಂಟಿನ ಉಂಡಿ ಬರುತ್ತವೆ. ಹೊಲದಲ್ಲಿ ದುಡಿಯುತ್ತಿದ್ದ, ಅರೆಹೊಟ್ಟೆ ಉಣ್ಣುತ್ತಿದ್ದ ಕಾಲದ ಮಗುವಿಗೆ ಅದು ದೊಡ್ಡ ಉಪಕಾರ. ಆದರೆ ಅದೇ ವಾರದಿಂದ ಆಟ ಬಂದ್, ಸೈಕಲ್ ಬಂದ್, ಓಣಿಯಲ್ಲಿ ಓಡಾಟ ಬಂದ್. ಮೈ ಅತಿ ಹೆಚ್ಚು ಆಡಬೇಕಾದ ವಯಸ್ಸಿನಲ್ಲೇ ಹುಡುಗಿಯನ್ನು ಕೂರಿಸಿ, ಅತಿ ಸಿಹಿ ತಿನ್ನಿಸುತ್ತೇವೆ. ಹರೆಯ ಬರುವಾಗ ಎಲ್ಲ ಮಕ್ಕಳ ಮೈಯೂ ಸಹಜವಾಗಿಯೇ ಇನ್ಸುಲಿನ್ ಮಾತು ಕೇಳುವುದು ಕಡಿಮೆ ಮಾಡುತ್ತದೆ. ಅದೇ ಹೊತ್ತಿಗೆ ಈ ಎರಡೂ ಸೇರಿದರೆ ಒಲವಿರುವ ಮೈ ಪಿಸಿಒಎಸ್ ಕಡೆ ವಾಲುತ್ತದೆ. ಆರತಿ ಮಾಡಿ, ಸೀರೆ ಉಡಿಸಿ, ಉಂಡಿಯನ್ನೂ ಕೊಡಿ. ಐದು ದಿನ ಕಳೆದ ಮೇಲೆ ಸೈಕಲ್ಲನ್ನೂ ವಾಪಸು ಕೊಡಿ.

ಹದಿಹರೆಯದವರಿಗೆ ದಿನಕ್ಕೆ ಒಂದು ಗಂಟೆ ಮೈಬೆವರುವ ಓಡಾಟ ಬೇಕು. ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ. ಮೊದಲು ಹೇಳಿದ, ಇನ್ಸುಲಿನ್ ಮಾತು ಕೇಳದ ಕಿವುಡುತನವನ್ನು ನೇರವಾಗಿ ಕಡಿಮೆ ಮಾಡುವುದು ಸ್ನಾಯುಗಳ ದುಡಿತವೇ. ತೂಕ ಒಂದು ಕಿಲೋ ಇಳಿಯದಿದ್ದರೂ ಈ ಲಾಭ ಸಿಗುತ್ತದೆ. ಅನಂತಪುರದಲ್ಲೇ ನಡೆದ ಇನ್ನೊಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಪಿಸಿಒಎಸ್ ಇದ್ದ 90 ಹುಡುಗಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೊಂದು ಗಂಟೆ ಯೋಗ, ಇನ್ನೊಂದಕ್ಕೆ ಅಷ್ಟೇ ಹೊತ್ತು ಸಾಮಾನ್ಯ ವ್ಯಾಯಾಮ, 12 ವಾರ. ಸೂರ್ಯನಮಸ್ಕಾರ, ಆಸನ, ಪ್ರಾಣಾಯಾಮ ಮಾಡಿದ ಗುಂಪಿನಲ್ಲಿ ಇನ್ಸುಲಿನ್, ಟೆಸ್ಟೋಸ್ಟಿರೋನ್, ಆತಂಕ ಮೂರೂ ಹೆಚ್ಚು ಇಳಿದವು. ತೂಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಧ್ಯಯನ ಸಣ್ಣದು, ಹನ್ನೆರಡೇ ವಾರದ್ದು, ಇದರಿಂದ ರೋಗ ವಾಸಿಯಾಗುತ್ತದೆ ಎಂದು ಯಾರೂ ಹೇಳಿಲ್ಲ. ಆದರೆ ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಹಾಸ್ಟೆಲ್. ಎಲ್ಲರೂ ಒಂದೇ ಹೊತ್ತಿಗೆ ಎದ್ದರು, ಒಟ್ಟಿಗೆ ಚಾಪೆ ಹಾಸಿದರು. ಮನೆಯಲ್ಲಿ ಒಬ್ಬಳನ್ನೇ ಎಬ್ಬಿಸಿ "ಹೋಗು, ಯೋಗ ಮಾಡು" ಎಂದರೆ ನಾಲ್ಕು ದಿನವೂ ನಡೆಯುವುದಿಲ್ಲ. ತಾಯಿ ಜೊತೆಗೆ ಕೂರಬೇಕು, ಅಣ್ಣನೂ ಕೂರಬೇಕು.

"ಹುಡುಗಿ ಒಬ್ಬಾಕಿನ್ನ ಎಲ್ಲಿ ವಾಕಿಂಗ್ ಕಳಸಾದ್ರಿ?" ಎಂದು ಕೇಳುತ್ತಾರೆ. ಕೇಳುವುದು ಸರಿಯೇ. ಅಪ್ಪ ಜೊತೆಗೆ ಹೋಗಲಿ. ಬೆಳಿಗ್ಗೆ ಬಿಸಿಲೇರುವ ಮೊದಲು ಕೋಟೆ ಕಡೆಗೋ ಹೊಳೆ ಕಡೆಗೋ ಅರ್ಧ ಗಂಟೆ ಬಿರುಸಾಗಿ ನಡೆದುಬನ್ನಿ. ಮಗಳ ಜೊತೆ ಮಾತಾಡಲು ಅಪ್ಪಂದಿರಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ನಲವತ್ತು ಡಿಗ್ರಿಯ ಬೇಸಿಗೆಯಲ್ಲಿ ಮನೆಯೊಳಗೇ ಬಸ್ಕಿ ಹೊಡೆಯಬಹುದು, ಹಗ್ಗದಾಟ ಆಡಬಹುದು, ಮಾಳಿಗೆ ಮೆಟ್ಟಿಲು ಹತ್ತಿಳಿಯಬಹುದು. ಊಟವಾದ ಮೇಲೆ ಹತ್ತು ನಿಮಿಷ ಅಂಗಳದಲ್ಲಿ ಓಡಾಡಿದರೂ ಸಕ್ಕರೆ ಇಳಿಯುತ್ತದೆ. ಭಾನುವಾರ ಹೊಳೆಯಾಚೆ ಆನೆಗೊಂದಿಗೆ ಹೋಗಿ ಅಂಜನಾದ್ರಿ ಹತ್ತಿದರೆ ವಾರದ ದೊಡ್ಡ ವ್ಯಾಯಾಮ ಆಯಿತು. ನಿದ್ದೆ ಎಂಟು ಗಂಟೆಗಿಂತ ಕಡಿಮೆ ಆಗದಿರಲಿ. ರಾತ್ರಿ ಹನ್ನೊಂದರ ಮೇಲೆ ಮನೆಯ ಎಲ್ಲರ ಫೋನೂ ಒಂದೇ ಕಡೆ ಚಾರ್ಜಿಗೆ ಇರಲಿ.

ಬೆಳೆಯುವ ಹುಡುಗಿಯ ತೂಕ ಇಳಿಸಲು ಗುರಿ ಕಟ್ಟಬೇಡಿ, ಮುಂದೆ ಏರದಿದ್ದರೆ ಎಷ್ಟೋ ಸಲ ಅದೇ ಸಾಕು. ಬೆಳವಣಿಗೆ ಮುಗಿದು ತೂಕ ಹೆಚ್ಚಿರುವವರಲ್ಲಿ ಶೇಕಡ 5 ಇಳಿದರೂ, ಅಂದರೆ 70 ಕಿಲೋದವಳಿಗೆ ಮೂರೂವರೆ ಕಿಲೋ, ಹಲವರಿಗೆ ಮುಟ್ಟು ದಾರಿಗೆ ಬರುತ್ತದೆ. ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ "ಎಷ್ಟು ದಪ್ಪಾಗೀಯವ್ವಾ, ಮಾರಿ ಮ್ಯಾಲೆ ಮೀಸೀನೂ ಬಂದಾವಲ್ಲ" ಎನ್ನುವ ದೊಡ್ಡಮ್ಮನನ್ನು ನೀವು ತಡೆಯಬೇಕು. ಆ ಮಾತು ಕೇಳಿದ ಹುಡುಗಿ ಎರಡು ದಿನ ಊಟ ಬಿಟ್ಟು ಮೂರನೇ ದಿನ ಕದ್ದು ತಿನ್ನುತ್ತಾಳೆ. ಪಿಸಿಒಎಸ್ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು ಎಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ಶಾಲೆ ತಪ್ಪಿಸುವುದು, ಫೋಟೋಗೆ ನಿಲ್ಲದಿರುವುದು, ದುಪಟ್ಟಾದಿಂದ ಗದ್ದ ಮುಚ್ಚಿಕೊಳ್ಳುವುದು ಕಂಡರೆ ಕೂರಿಸಿ ಮಾತಾಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಕೂದಲು ತೆಗೆಸಿಕೊಳ್ಳಲು ಕೇಳಿದರೆ ಒಪ್ಪಿಕೊಳ್ಳಿ. ಥ್ರೆಡ್ಡಿಂಗ್ ಮಾಡಿಸಿದರೆ ಕೂದಲು ಇನ್ನೂ ದಪ್ಪ ಬರುತ್ತದೆ ಎಂಬುದು ಬರೀ ನಂಬಿಕೆ.

ಮನೆಮದ್ದು, ಗಿಡಮೂಲಿಕೆಗಳ ಬಗ್ಗೆ ಕೇಳದ ತಾಯಿಯೇ ಇಲ್ಲ. ನೆನೆಸಿದ ಮೆಂತ್ಯ, ದಾಲ್ಚಿನ್ನಿ, ಅಗಸೆ ಇವುಗಳ ಮೇಲೆ ಸಣ್ಣ ಸಣ್ಣ ಅಧ್ಯಯನಗಳಿವೆ, ಇನ್ಸುಲಿನ್ ಮೇಲೆ ಅಷ್ಟಿಷ್ಟು ಒಳ್ಳೆಯ ಪರಿಣಾಮ ಕಂಡಿದೆ. ಅಡುಗೆಯ ಅಳತೆಯಲ್ಲಿ ತಿನ್ನಲಿ, ತೊಂದರೆಯಿಲ್ಲ. ಪುದೀನದ ಒಂದು ಜಾತಿಯ ಚಹಾದಿಂದ ಆಂಡ್ರೋಜನ್ ತುಸು ಇಳಿದದ್ದನ್ನೂ ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಇನೋಸಿಟಾಲ್ ಪುಡಿ ಈಗ ಔಷಧಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಅಪಾಯ ಕಡಿಮೆ, ಪ್ರಯೋಜನದ ಸಾಕ್ಷ್ಯ ಇನ್ನೂ ತೆಳು, ಬೆಲೆ ಮಾತ್ರ ಜಾಸ್ತಿ. ಅದೇ ದುಡ್ಡಿಗೆ ತಿಂಗಳಿಡೀ ಕಾಳು, ಮೊಟ್ಟೆ ಬರುತ್ತವೆ ಎಂದು ನಾನು ಲೆಕ್ಕ ಹೇಳುತ್ತೇನೆ. ಮುಟ್ಟು ಬರಲೆಂದು ಪಪ್ಪಾಯಿ, ಎಳ್ಳು-ಬೆಲ್ಲ ತಿನ್ನಿಸಿ 'ಉಷ್ಣ ಮಾಡುವುದು' ರೂಢಿ. ಪಪ್ಪಾಯಿ ಒಳ್ಳೆಯ ಹಣ್ಣು, ಎಳ್ಳು ಒಳ್ಳೆಯ ಕಾಳು. ಬಿಡುಗಡೆಯಾಗದ ಅಂಡವನ್ನು ಅವು ಬಿಡುಗಡೆ ಮಾಡಿಸಲಾರವು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಹೆಸರಿಲ್ಲದ ಡಬ್ಬಿಗಳು. ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸಿದ್ದು, ಒಳಗೇನಿದೆ ಎಂದು ಬರೆಯದ ಪುಡಿ, 'ಮೂರು ತಿಂಗಳಲ್ಲಿ ಪಿಸಿಒಡಿ ಮಾಯ' ಎಂಬ ಭರವಸೆ. ಇಂಥವುಗಳಲ್ಲಿ ಸ್ಟೀರಾಯ್ಡ್, ಸೀಸ ಬೆರೆತಿರುವ ಪ್ರಸಂಗಗಳಿವೆ. ಸ್ಟೀರಾಯ್ಡ್ ಬೆರೆತಿದ್ದರೆ ಮುಖ ಊದಿ, ತೂಕ ಏರಿ, ಸಕ್ಕರೆ ಹೆಚ್ಚಿ ಕಾಯಿಲೆ ಇನ್ನಷ್ಟು ಬಿಗಡಾಯಿಸುತ್ತದೆ. ಜ್ಯೇಷ್ಠಮಧುವಿನಂಥ ಪರಿಚಿತ ಬೇರು ಕೂಡ ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತಿಂದರೆ ಬಿಪಿ ಏರಿಸುತ್ತದೆ, ರಕ್ತದ ಪೊಟ್ಯಾಸಿಯಮ್ ಇಳಿಸುತ್ತದೆ. ಆಯುರ್ವೇದ ಪದವಿ ಪಡೆದ ವೈದ್ಯರ ಹತ್ತಿರ ಹೋಗುವುದಾದರೆ ಹೋಗಿ, ಅವರು ಕೊಟ್ಟದ್ದರ ಹೆಸರು ಬರೆಸಿಕೊಳ್ಳಿ, ನನಗೂ ತೋರಿಸಿ. ಮುಚ್ಚಿಡಬೇಡಿ, ನಾನು ಬೈಯುವುದಿಲ್ಲ.

ಮಾತ್ರೆಗಳ ಭಯವನ್ನೂ ಸ್ವಲ್ಪ ತಿಳಿಯಾಗಿಸುತ್ತೇನೆ. ಮುಟ್ಟು ತಿಂಗಳುಗಟ್ಟಲೆ ಬರದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ. "ಬರದಿದ್ರ ಆರಾಮ ಆತು ಬಿಡ್ರಿ, ಪರೀಕ್ಷಿ ಅದಾವ" ಎಂದು ಬಿಟ್ಟರೆ ವರ್ಷಗಳ ಮೇಲೆ ಆ ಪದರದ ಕ್ಯಾನ್ಸರಿನ ಅಪಾಯ ಏರುತ್ತದೆ. ಅದಕ್ಕೇ ಕೆಲವು ದಿನ ಪ್ರೊಜೆಸ್ಟರೋನ್ ಕೊಟ್ಟು ಆ ಪದರ ಕಳಚುವಂತೆ ಮಾಡುತ್ತೇವೆ. ಮೊಡವೆ, ಕೂದಲು, ಮುಟ್ಟು ಮೂರಕ್ಕೂ ಸೇರಿ ಕೆಲವೊಮ್ಮೆ ಗರ್ಭನಿರೋಧಕ ಮಾತ್ರೆ ಬರೆಯುತ್ತೇವೆ. ಹೆಸರು ಕೇಳಿ ಅಪ್ಪಂದಿರು ಬೆಚ್ಚುತ್ತಾರೆ. ಇಲ್ಲಿ ಅದು ಹಾರ್ಮೋನಿನ ಔಷಧಿ ಅಷ್ಟೇ. ಅದರಿಂದ ಬಂಜೆತನ ಬರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಮಗಳಿಗೆ ತೀವ್ರ ಅರೆತಲೆನೋವು ಇದ್ದರೆ ಮೊದಲೇ ಹೇಳಿ. ಮೆಟ್‌ಫಾರ್ಮಿನ್ ಇನ್ಸುಲಿನ್ ಕೆಲಸ ಸುಧಾರಿಸುತ್ತದೆ. ಮೊದಲ ವಾರಗಳಲ್ಲಿ ಹೊಟ್ಟೆ ಕೆಡಬಹುದು, ಊಟದ ಜೊತೆ ಸಣ್ಣ ಪ್ರಮಾಣದಿಂದ ಶುರುಮಾಡಿದರೆ ತಡೆದುಕೊಳ್ಳುತ್ತಾರೆ. ಕೂದಲ ಮೇಲೆ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕಾಣಲು ಆರು ತಿಂಗಳಾದರೂ ಬೇಕು. ಯಾವ ಮಾತ್ರೆಯೂ ಊಟ-ಓಡಾಟದ ಜಾಗ ತುಂಬುವುದಿಲ್ಲ. ಹಾಗೆಯೇ ಬೇಕಾದಾಗ ಮಾತ್ರೆ ತೆಗೆದುಕೊಂಡರೆ 'ನೈಸರ್ಗಿಕ' ದಾರಿ ತಪ್ಪಿದಂತಲ್ಲ.

"ಮದುವಿ ಮಾಡಿಬಿಟ್ರ ಸರಿಹೋಗತೈತಂತ" ಎಂಬ ಮಾತಿಗೆ ನನ್ನ ಉತ್ತರ ಗಟ್ಟಿಯಾಗಿಯೇ ಇರುತ್ತದೆ. ಮದುವೆ ಚಿಕಿತ್ಸೆಯಲ್ಲ. ಹದಿನೆಂಟರೊಳಗೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಪರಾಧ. ಮಕ್ಕಳಾಗುವುದಿಲ್ಲವೆಂಬ ಭಯದಿಂದ ಓದು ಬಿಡಿಸಿ ಮದುವೆ ಮಾಡಿದ ಹುಡುಗಿಯರು ಎರಡು ವರ್ಷದೊಳಗೆ ಕೂಸು ಎತ್ತಿಕೊಂಡು ಬರುವುದನ್ನು ನೋಡಿದಾಗ, ಆ ಓದು ಅನ್ಯಾಯವಾಗಿ ಹೋಯಿತಲ್ಲ ಎಂದು ನೋವಾಗುತ್ತದೆ. ಪಿಸಿಒಎಸ್ ಇರುವ ಬಹುಪಾಲು ಹೆಂಗಸರು ತಾಯಂದಿರಾಗುತ್ತಾರೆ. ಕೆಲವರಿಗೆ ತಾನಾಗಿಯೇ, ಕೆಲವರಿಗೆ ಅಂಡ ಬಿಡುಗಡೆ ಮಾಡಿಸುವ ಲೆಟ್ರೋಜೋಲ್‌ನಂಥ ಮಾತ್ರೆಯಿಂದ, ಕೆಲವರಿಗಷ್ಟೇ ಅದಕ್ಕೂ ಮುಂದಿನ ಚಿಕಿತ್ಸೆಯಿಂದ. ಗರ್ಭಧಾರಣೆಯ ಚಿಂತೆಯನ್ನು ಮಗಳ ಮೇಲೆ ಹದಿನಾರರಲ್ಲೇ ಹೊರಿಸಬೇಡಿ.

ಎಲ್ಲಿಗೆ ಹೋಗಬೇಕು ಎಂದರೆ, ಮೊದಲು ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್ ಇರುತ್ತವೆ. ಹಾರ್ಮೋನು ಪರೀಕ್ಷೆ, ತಜ್ಞರ ಸಲಹೆ ಬೇಕಾದರೆ ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೋಗುವಾಗ ಕ್ಯಾಲೆಂಡರಿನ ದಿನಾಂಕಗಳನ್ನು ಒಂದು ಹಾಳೆಗೆ ಬರೆದುಕೊಳ್ಳಿ, ಹಳೆಯ ಚೀಟಿಗಳನ್ನೂ ಈಗ ತಿನ್ನುತ್ತಿರುವ ಪುಡಿ-ಮಾತ್ರೆಗಳ ಡಬ್ಬಿಗಳನ್ನೂ ತನ್ನಿ.

ಪಿಸಿಒಎಸ್ ಖಾತ್ರಿಯಾದರೆ ಮುಟ್ಟು ಸರಿಹೋದ ಮೇಲೂ ಬರುವುದನ್ನು ನಿಲ್ಲಿಸಬೇಡಿ. ವರ್ಷಕ್ಕೊಮ್ಮೆ ಬಿಪಿ, ತೂಕ ನೋಡಿಸಬೇಕು. ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ಮೇಲೆ ಇನ್ನೊಮ್ಮೆ ರಕ್ತ ಕೊಡುವ ಪರೀಕ್ಷೆಯೇ ಇದಕ್ಕೆ ಉತ್ತಮ, ಬರೀ ಖಾಲಿ ಹೊಟ್ಟೆಯ ಲೆಕ್ಕದಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತದೆ. ಸಕ್ಕರೆ ಕಾಯಿಲೆಯ ಒಲವು ವಂಶದಲ್ಲಿ ಹರಿಯುವಂಥದ್ದು. ಮಗಳನ್ನು ಪರೀಕ್ಷೆಗೆ ಕರೆತಂದ ದಿನ ಅಪ್ಪ-ಅಮ್ಮ ನೀವಿಬ್ಬರೂ ಖಾಲಿ ಹೊಟ್ಟೆಯಲ್ಲೇ ಬನ್ನಿ, ನಿಮ್ಮ ರಕ್ತವನ್ನೂ ಅಂದೇ ನೋಡಿಬಿಡೋಣ.